ಸರ್ವಮಂಗಳಾ, ಬಿ.ಎ.

ಜೂನ್ ೯, ೧೯೬೩, ಭಾನುವಾರ

ನಿನ್ನೆ ಲಾಲ್‌ಬಾಗಿನ ಪಶ್ಚಿಮದ ಬಾಗಿಲ ಹತ್ತಿರ ಬಸ್ಸಿಗೆ ಕಾಯುತ್ತಿದ್ದೆ. ಒಬ್ಬ ಬಿಳಿಯ ಹುಡುಗಿ ಬಂದು, ಅಗ್ಗದ ಊಟ ಎಲ್ಲಿ ಸಿಗುತ್ತದೆ ಎಂದು ಕೇಳಿದಳು. ಬೆನ್ನ ಮೇಲೆ ಅವಳ ಅರ್ಧದಷ್ಟು ಎತ್ತರದ ಚೀಲ. ಹೋಟೆಲಿನ ಹೆಸರು ಹೇಳಲು ಹೊರಟವಳು ‘ನಮ್ಮ ಮನೆಯಲ್ಲಿ’ ಎಂದುಬಿಟ್ಟೆ.

ಆಸ್ಟ್ರೇಲಿಯಾದವಳು, ಇನ್ನೂ ಓದುತ್ತಿದ್ದಾಳಂತೆ. ಹಡಗಿನಲ್ಲಿ ಕೊಲಂಬೊ, ಅಲ್ಲಿಂದ ಮೂರನೇ ದರ್ಜೆಯ ರೈಲು. ಇನ್ನು ದೆಹಲಿ, ಇರಾನ್, ತುರ್ಕಿ ದಾಟಿ ಲಂಡನ್ನು. ಹುಳಿಯನ್ನ ಎರಡು ಸಲ ಬಡಿಸಿಕೊಂಡು ತಿಂದಳು. ಅಮ್ಮನ ಮಂಚದ ಮೇಲೆ ಎರಡು ಗಂಟೆ ನಿದ್ದೆ ಮಾಡಿದಳು. ಎದ್ದವಳು ಗೋಡೆಯ ಮೇಲಿದ್ದ ಭೂಪಟ ನೋಡಿ, ‘ನೀವು ಇಲ್ಲೆಲ್ಲ ಹೋಗಿದ್ದೀರಾ?’ ಎಂದಳು.

ಇಪ್ಪತ್ತನಾಲ್ಕು ವರ್ಷದಿಂದ, ಮೊದಲು ಬಸವನಗುಡಿಯ, ಈಗ ಜಯನಗರದ ಹೆಣ್ಣುಮಕ್ಕಳಿಗೆ ಭೂಗೋಳ ಹೇಳಿಕೊಡುತ್ತಿದ್ದೇನೆ. ನೋಡಿರುವ ಸಮುದ್ರ ಒಂದೇ, ಮದರಾಸಿನದು. ಅದೂ ಅಪ್ಪನ ಕಣ್ಣಿನ ಆಪರೇಷನ್ನಿಗೆ ಹೋದಾಗ.

‘ದುಡ್ಡು ಜಾಸ್ತಿ ಬೇಡ, ಆತುರ ಇಲ್ಲದಿದ್ದರೆ ಸಾಕು’ ಎಂದು ಒಂದು ಹಾಳೆಯಲ್ಲಿ ಬರೆದುಕೊಟ್ಟು ಹೋದಳು. ಸರಕು ಸಾಗಿಸುವ ಹಡಗುಗಳಲ್ಲಿ ಐದಾರು ಜನಕ್ಕೆ ಜಾಗ ಇರುತ್ತದಂತೆ. ಊರೂರಲ್ಲಿ ವಿದ್ಯಾರ್ಥಿಗಳ ತಂಗುದಾಣ.

ಅಮ್ಮ ಹೋಗಿ ಏಳು ತಿಂಗಳಾಯಿತು. ನನಗೆ ನಲವತ್ತೇಳು. ಆತುರ ಯಾವುದಕ್ಕೂ ಇಲ್ಲ. ಮಂಚದ ಹಾಸಿಗೆಯಲ್ಲಿ ಆ ಹುಡುಗಿ ಮಲಗಿದ್ದ ತಗ್ಗು ಹಾಗೇ ಇದೆ. ಸರಿಮಾಡಲಿಲ್ಲ.

ಜೂನ್ ೨೨, ಶನಿವಾರ

ಶಾಲೆ ಅರ್ಧ ದಿನ. ದಂಡಿನ ಕಡೆಯ ಒಂದು ಹಡಗು ಟಿಕೆಟ್ ಕಚೇರಿಗೆ ಹೋಗಿದ್ದೆ. ಗುಮಾಸ್ತರ ಹೆಸರು ರೇವಣಸಿದ್ದಪ್ಪ. ನಾನು ಬರೆದುಕೊಂಡು ಹೋಗಿದ್ದ ದಾರಿಯನ್ನು ಬೆರಳಿಟ್ಟು ಓದಿದರು: ಕೋಬೆ, ಡನೀಡಿನ್, ಹ್ಯಾಲಿಫ್ಯಾಕ್ಸ್, ಆರ್ಹುಸ್, ಬೊಂಬಾಯಿ.

‘ಯಾರಿಗೆ ಮೇಡಂ, ಮಗನಿಗಾ?’

‘ನನಗೆ.’

ಕನ್ನಡಕ ತೆಗೆದು ಒರೆಸಿಕೊಂಡರು. ‘ಟಿಕೆಟ್ ನಾನು ಕೊಡಿಸ್ತೀನಿ. ಆದ್ರೆ ವಿದೇಶಿ ಹಣ ಸರ್ಕಾರ ಕೊಡಲ್ಲ. ಅಲ್ಲಿ ಇಳಿದ್ಮೇಲೆ ಕಾಫಿಗೂ ಕಷ್ಟ. ಪ್ರತಿ ಊರಲ್ಲೂ ಯಾರಾದ್ರೂ ಒಬ್ರು, ಇವರ ಊಟ ವಸತಿ ನಮ್ದು ಅಂತ ಸಹಿ ಮಾಡಿ ಕಾಗದ ಕಳಿಸ್ಬೇಕು. ಸುಮಾರು ಜನ ಆ ಕಾಗದ ಸಿಗದೆ ಇಲ್ಲೇ ನಿಂತುಬಿಡ್ತಾರೆ. ನಿಮ್ಮೋರು ಅಂತ ಅಲ್ಲಿ ಯಾರಾದ್ರೂ ಇದ್ದಾರಾ?’

‘ನಾಲ್ಕು ಊರಲ್ಲಿ ನಾಲ್ಕು ಜನ ಇದ್ದಾರೆ’ ಎಂದೆ. ಹನ್ನೊಂದು ವರ್ಷದ ಸ್ನೇಹ ಎಂದೂ ಸೇರಿಸಿದೆ.

‘ಭಾಳ ಅದೃಷ್ಟವಂತರು’ ಅಂದರು.

ಜೂನ್ ೨೩, ಭಾನುವಾರ

ಹೇಳಿದ್ದು ಸುಳ್ಳಲ್ಲ. ಆದರೂ ಇಲ್ಲಿ ಪೂರ್ತಿ ಬರೆದಿಡಬೇಕು.

೧೯೫೧ರಲ್ಲಿ ಶಾಲೆಯಲ್ಲಿ ಪತ್ರಮಿತ್ರರ ಸಂಘ ಮಾಡಿದೆ. ಒಬ್ಬೊಬ್ಬ ಹುಡುಗಿಗೆ ಒಂದೊಂದು ದೇಶದ ಹುಡುಗಿ. ಕಾಗದಗಳು ಶಾಲೆಯ ವಿಳಾಸಕ್ಕೆ ಬರುತ್ತಿದ್ದವು, ನಾನು ಹಂಚುತ್ತಿದ್ದೆ. ಮರುವರ್ಷ ಅವರಲ್ಲಿ ಒಬ್ಬಳು, ಸರ್ವಮಂಗಳಾಳಿಗೆ ಮದುವೆಯಾಯಿತು. ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕಟ್ಟಿದ ಫೀಸು ಹಾಗೇ ಹೋಯಿತು. ಜುಲೈನಲ್ಲಿ ಅವಳ ಪತ್ರಮಿತ್ರೆ, ಡೆನ್ಮಾರ್ಕಿನ ಇಂಗೆಯ ಕಾಗದ ಬಂತು: ‘ಕಾಲೇಜಿನಲ್ಲಿ ಯಾವ ವಿಷಯ ತಗೊಂಡೆ?’ ಹದಿನಾಲ್ಕು ವರ್ಷದ ಮಗುವಿಗೆ ‘ನಿನ್ನ ಗೆಳತಿ ಮದುವೆಯಾಗಿ ಹೋದಳು’ ಎಂದು ಹೇಗೆ ಬರೆಯುವುದು? ಇದೊಂದು ಸಲ ಎಂದುಕೊಂಡು ‘ಇಂಗ್ಲಿಷ್ ಸಾಹಿತ್ಯ’ ಎಂದು ಬರೆದೆ. ಕೆಳಗೆ ಸರ್ವಮಂಗಳಾ ಎಂದು ಸಹಿ ಹಾಕಿದೆ.

ಆಮೇಲೆ ಇನ್ನೂ ಮೂವರು ಹುಡುಗಿಯರು ಶಾಲೆ ಬಿಟ್ಟುಹೋದರು. ಕೋಬೆಯ ಫುಮಿಕೊಗೆ ನಾನು ಸರಸ್ವತಿ. ನ್ಯೂಜಿಲೆಂಡಿನ ಜೋನಳಿಗೆ ಗೌರಮ್ಮ. ಕೆನಡಾದ ಡೊರೊತಿಗೆ ಇನ್ನೊಬ್ಬಳು. ನಾಲ್ಕು ಹೆಸರಿಗೂ ನಾಲ್ಕು ಬಗೆಯ ಅಕ್ಷರ ಅಭ್ಯಾಸ ಮಾಡಿದೆ. ನನ್ನ ಕಾಗದಗಳಲ್ಲಿ ಸರ್ವಮಂಗಳಾ ಬಿ.ಎ. ಮುಗಿಸಿ ಲೈಬ್ರರಿಯಲ್ಲಿ ಕೆಲಸಕ್ಕೆ ಸೇರಿದಳು, ಮದುವೆಗೆ ಒಪ್ಪಲಿಲ್ಲ, ಸಂಜೆ ಹೊತ್ತು ಕವಿತೆ ಓದುತ್ತಾಳೆ. ಅಮ್ಮನಿಗೆ ಗಂಜಿ ಕುಡಿಸಿ ಮಲಗಿಸಿದ ಮೇಲೆ ನನಗೆ ಇದ್ದದ್ದು ಇವರು ನಾಲ್ವರೇ. ನಲವತ್ತು ದಾಟಿ ನಾನು ಖಾಸಗಿಯಾಗಿ ಎಂ.ಎ. ಪಾಸಾದದ್ದನ್ನು ಮೊದಲು ತಿಳಿಸಿದ್ದು ಇಂಗೆಗೆ, ‘ನಮ್ಮ ಟೀಚರ್ ಒಬ್ಬರು’ ಎಂದು.

ಈಗ ಅವರ ಬಾಗಿಲಲ್ಲಿ ಯಾರ ಹೆಸರು ಹೇಳಿ ನಿಲ್ಲುವುದು?

ಜುಲೈ ೧, ಸೋಮವಾರ

ಪಾಸ್‌ಪೋರ್ಟಿನ ಅರ್ಜಿಗೆ ಜಾಮೀನು ಬೇಕು. ತಮ್ಮ ವೆಂಕಟಾಚಲನ ಮನೆಗೆ ಹೋದೆ.

‘ಕಾಶಿಗೆ ಹೋಗಕ್ಕ, ನಾನೇ ಕಳಿಸ್ತೀನಿ. ಜಪಾನಲ್ಲಿ ಯಾವ ದೇವರಿದೆ?’

ಅವನ ಹೆಂಡತಿ ಅಡಿಗೆಮನೆಯಿಂದಲೇ, ‘ಅಲ್ಲಿ ಮೊಸರು ಸಿಗತ್ತಾ ಕೇಳ್ರೀ’ ಎಂದಳು.

ಸಹಿ ಹಾಕಿದ. ಹಾಕುವ ಮೊದಲು ಮನೆಯ ಬೀಗದಕೈ ಯಾರ ಹತ್ತಿರ ಇರುತ್ತದೆ ಎಂದು ಮೂರು ಸಲ ಕೇಳಿದ. ನಾನು ಯಾವಾಗ ಹಿಂದಿರುಗುತ್ತೇನೆ ಎಂದು ಒಂದು ಸಲವೂ ಕೇಳಲಿಲ್ಲ.

ಜುಲೈ ೬, ಶನಿವಾರ

ಒಂದು ಉಪಾಯ ಹೊಳೆದಿತ್ತು. ಸರ್ವಮಂಗಳಾಳಾಗಿಯೇ ಇಂಗೆಗೆ ಬರೆದೆ: ‘ನನ್ನ ಟೀಚರ್ ಸೀತಾಲಕ್ಷ್ಮಿಯವರು ನಿಮ್ಮ ಕಡೆ ಬರುತ್ತಿದ್ದಾರೆ. ದಯವಿಟ್ಟು ಇರಿಸಿಕೊಳ್ಳುತ್ತೀಯಾ? ಅವರು ಬಹಳ ಓದಿದವರು, ಮೃದು ಸ್ವಭಾವ, ಯಾರಿಗೂ ಭಾರವಾಗುವವರಲ್ಲ...’ ಒಂದು ಪುಟ ತುಂಬಿತು. ಬಹಳ ಚೆನ್ನಾಗಿ ಬಂದಿತ್ತು. ಓದಿಕೊಂಡಾಗ ಮುಖ ಬಿಸಿಯಾಯಿತು. ನನ್ನನ್ನು ಇಷ್ಟು ಹೊಗಳಿದ್ದು ಜನ್ಮದಲ್ಲಿ ನಾನೊಬ್ಬಳೇ.

ಹರಿದು ಒಲೆಗೆ ಹಾಕಿದೆ.

ಜುಲೈ ೭, ಭಾನುವಾರ

ನಾಲ್ಕು ಕಾಗದ ಬರೆದೆ, ನನ್ನದೇ ಅಕ್ಷರದಲ್ಲಿ. ನಡೆದದ್ದೆಲ್ಲ ಬರೆದು, ಕ್ಷಮೆ ಕೇಳಿ, ಕೊನೆಗೆ ಜಾಗ ಕೊಡುವಿರಾ ಎಂದು ಕೇಳಿದೆ. ಈ ಕೊನೆಯ ಸಾಲು ಬರೆಯಬಾರದಿತ್ತೋ ಏನೋ. ಸೌತ್ ಎಂಡಿನ ಅಂಚೆ ಡಬ್ಬಿಗೆ ಹಾಕಿ ಬಂದಿದ್ದೇನೆ.

ಜುಲೈ ೨೮, ಭಾನುವಾರ

ಏನೂ ಇಲ್ಲ.

ಪೋಸ್ಟ್‌ಮ್ಯಾನ್ ಬೋರಣ್ಣ ದೂರದಿಂದಲೇ ಕೈ ಆಡಿಸುತ್ತಾನೆ. ಗೇಟಿನ ತನಕ ಬರುವ ಶ್ರಮವನ್ನೂ ಈಗ ತೆಗೆದುಕೊಳ್ಳುವುದಿಲ್ಲ. ಕವಿತೆಯ ಪುಸ್ತಕ ತೆರೆದರೆ ಸಾಲು ನಿಲ್ಲುತ್ತಿಲ್ಲ. ಓದಿದ ಸಾಲನ್ನು ಯಾರಿಗೆ ಬರೆದು ಕಳಿಸಲಿ ಎಂದು ಯೋಚಿಸಿಯೇ ನಾನು ಇಷ್ಟು ವರ್ಷ ಓದುತ್ತಿದ್ದೆ ಎಂದು ಕಾಣುತ್ತದೆ.

ಆಗಸ್ಟ್ ೨, ಶುಕ್ರವಾರ

ಒಂದೇ ದಿನ ಎರಡು.

ಜೋನ್: ‘ನನ್ನ ತಂದೆ ತೀರಿಕೊಂಡಾಗ ನಾನು ಗೌರಮ್ಮನಿಗೆ ಬರೆದದ್ದನ್ನು ಬೇರೆ ಯಾರಿಗೂ ಹೇಳಿರಲಿಲ್ಲ. ಅದನ್ನು ನೀವು ಓದಿದಿರಿ. ಇನ್ನು ಬರೆಯಬೇಡಿ.’

ಫುಮಿಕೊ: ಟೀಚರ್ ಬರುವುದಾದರೆ ತಾಯಿಗೆ ಬಹಳ ಸಂತೋಷ, ಮನೆ ಚಿಕ್ಕದು, ಆದರೆ ಸಹಿ ಮಾಡಿದ ಕಾಗದ ಜೊತೆಗಿದೆ. ಮರೆಯದೆ ಬೆಚ್ಚನೆಯ ಬಟ್ಟೆ ತರಬೇಕು.

ಫುಮಿಕೊಳ ಕಾಗದವನ್ನು ಒಂದು ಸಲ ಓದಿದೆ. ಜೋನಳದ್ದನ್ನು ಎಷ್ಟು ಸಲ ಓದಿದೆನೋ ಲೆಕ್ಕ ಇಲ್ಲ.

ಆಗಸ್ಟ್ ೧೦, ಶನಿವಾರ

ಡೊರೊತಿಯಿಂದ ಉತ್ತರ ಇಲ್ಲ, ಇನ್ನು ಬರೆಯಲಾರಳು. ಇಂಗೆ ಬರೆದಿದ್ದಾಳೆ, ಮೂರು ಸಾಲು. ‘ಸರ್ವಮಂಗಳಾ ಎಲ್ಲಿ? ಬದುಕಿದ್ದಾಳಾ? ಅವಳು ಏನಾದರೂ ಹೇಳಿದ ಮೇಲೆ ನಾನು ನಿಮಗೆ ಹೇಳುತ್ತೇನೆ.’

ರೇವಣಸಿದ್ದಪ್ಪನವರಿಗೆ ಕೋಬೆಯ ಕಾಗದ ತೋರಿಸಿದೆ. ‘ಒಂದೇ ಊರಾದ್ರೆ ಹೋಗಿ ಬಂದಂಗೆ ಆಗುತ್ತೆ ಮೇಡಂ, ಸುತ್ತಿದಂಗೆ ಆಗಲ್ಲ. ಯುರೋಪಿನ ಕಡೆ ಇನ್ನೊಂದು ಕಾಗದ ಸಿಕ್ರೆ, ಅಮೇರಿಕಾದಲ್ಲಿ ಇಳೀದಂಗೆ ಹಡಗಲ್ಲೇ ದಾಟಿಸಿಬಿಡ್ತೀನಿ’ ಎಂದರು.

ಆ ಕಡೆ ಇರುವವಳು ಇಂಗೆ ಒಬ್ಬಳೇ. ಸರ್ವಮಂಗಳಾಳ ಗಂಡನ ಮನೆ ಕೋಣನಕುಂಟೆ. ಇಲ್ಲಿಂದ ಎಂಟು ಮೈಲಿಯೂ ಇರಲಾರದು. ಹನ್ನೊಂದು ವರ್ಷದಲ್ಲಿ ಅಲ್ಲಿಗೆ ಒಂದು ಸಲ ಹೋಗಲಿಲ್ಲ.

ಆಗಸ್ಟ್ ೧೧, ಭಾನುವಾರ

ಬನಶಂಕರಿ ಗುಡಿ ದಾಟಿದ ಮೇಲೆ ಬಸ್ಸಿನಲ್ಲಿ ಐದಾರು ಜನ ಉಳಿದರು. ರಸ್ತೆಯ ಎರಡೂ ಕಡೆ ರಾಗಿ ಹೊಲ. ಇಳಿದು ಅವಳ ಗಂಡ ಜಯದೇವಪ್ಪನವರ ಮನೆ ಯಾವುದೆಂದು ಕೇಳಿದೆ. ಹಟ್ಟಿ ಬಾಗಿಲಲ್ಲೇ ಅವಳು ಎಮ್ಮೆಗೆ ಹುಲ್ಲು ಹಾಕುತ್ತಿದ್ದಳು. ಮೈ ತುಂಬಿಕೊಂಡಿದ್ದಾಳೆ, ಸೊಂಟದಲ್ಲಿ ಒಂದು ಹೆಣ್ಣುಮಗು.

‘ಅಯ್ಯೋ, ಮಿಸ್!’ ಎಂದವಳು ಹುಲ್ಲು ಅಲ್ಲೇ ಬಿಟ್ಟು ಕಾಲಿಗೆ ನಮಸ್ಕಾರ ಮಾಡಿದಳು. ಬೇಡವೆಂದರೂ ಮಜ್ಜಿಗೆ, ಬಾಳೆಹಣ್ಣು, ಮತ್ತೆ ಕಾಫಿ. ಗಂಡ ಜಯದೇವಪ್ಪ ಚಾಪೆ ಹಾಸಿ, ಮೇಷ್ಟ್ರಮ್ಮನ ಮುಂದೆ ಕೂರಬಾರದೆಂದು ಕಂಬಕ್ಕೆ ಒರಗಿ ನಿಂತುಕೊಂಡ. ಮೂವರು ಮಕ್ಕಳು. ದೊಡ್ಡವಳು ಕನ್ನಡ ಶಾಲೆಗೆ ಹೋಗುತ್ತಾಳೆ.

ಹೇಳಿದೆ. ಬಸ್ಸಿನಲ್ಲಿ ಕಟ್ಟಿಕೊಂಡು ಹೋದ ಮಾತು ಯಾವುದೂ ಬರಲಿಲ್ಲ. ಇದ್ದದ್ದನ್ನು ಹೇಳಿದೆ. ಮೊದಲು ಅವಳಿಗೆ ನಗು.

‘ನಾನು ಬಿ.ಎ. ಪಾಸಾದ್ನಾ ಮಿಸ್? ಯಾವ ಕ್ಲಾಸು?’

‘ಸೆಕೆಂಡ್ ಕ್ಲಾಸ್.’

‘ಬರೆಯೋರು ನೀವೇ ಅಲ್ವಾ, ಫಸ್ಟ್ ಕ್ಲಾಸ್ ಕೊಟ್ಟಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?’ ಗಂಡನ ಕಡೆ ತಿರುಗಿ, ‘ಕೇಳಿಸ್ತಾ? ಬಿ.ಎ. ಪಾಸಾದೋಳ ಕೈಲಿ ಸಗಣಿ ಎತ್ತಿಸ್ತಿದ್ದೀರ’ ಎಂದಳು. ಅವನೂ ನಕ್ಕ.

ಆಮೇಲೆ ಕೇಳಿದಳು: ‘ಇವರು ಇಲ್ವಾ ಅದ್ರಲ್ಲಿ?’

‘ಇಲ್ಲ.’

‘ಮಕ್ಕಳು?’

‘ಇಲ್ಲ. ನೀನು ಮದುವೆ ಬೇಡ ಅಂದೆ.’

ಮಗುವನ್ನು ಸೊಂಟದಿಂದ ಇಳಿಸಿದಳು. ‘ಹಂಗಾದ್ರೆ ಅದು ನಾನಲ್ಲ ಬಿಡಿ. ನೀವು.’

ಹಾಗೇ ಮುಂದುವರಿಸಿದಳು, ಧ್ವನಿ ಏರಿಸದೆ.

‘ಮದ್ವೆ ಆಗಿ ಬಂದ ವರ್ಷ ದಿನಾ ಟಪಾಲು ತರೋ ಬಸ್ಸು ನೋಡ್ತಾ ಇದ್ದೆ ಮಿಸ್. ಇಂಗೆ ನನ್ನ ಮರೆತುಬಿಟ್ಳು ಅಂದ್ಕೊಂಡೆ. ಮದ್ವೆ ಆಯ್ತು ಅಂತ ಬೇಜಾರಾಯ್ತೇನೋ ಅಂದ್ಕೊಂಡೆ. ಒಂದು ಕಾಗದ ಬಂದಿದ್ರೆ, ಒಂದೇ ಒಂದು, ನಂಗೆ ಎಷ್ಟು ಆಸರೆ ಆಗ್ತಿತ್ತು ಗೊತ್ತಾ? ನನ್ನ ಹೆಸರಿಗೆ ಬಂದಿದ್ದು. ಎಂಟು ಮೈಲಿ ಕಳಿಸೋಕೆ ಆಗ್ಲಿಲ್ವಾ ನಿಮಗೆ?’

ಜಯದೇವಪ್ಪ, ‘ಹೋಗ್ಲಿ ಬಿಡು, ಮೇಷ್ಟ್ರಮ್ಮ ಮನೆಗೆ ಬಂದವ್ರೆ’ ಎಂದ.

‘ನೀವು ಸುಮ್ನಿರಿ. ಮಿಸ್, ನನ್ನ ಕಾಗದ ನಂಗೆ ಬೇಕು. ಎಲ್ಲಾ.’

ಆಗಸ್ಟ್ ೧೨, ಸೋಮವಾರ

ಮಗುವಿನ ಮನಸ್ಸು ನೋಯಬಾರದೆಂದು ಬರೆದೆ ಎಂದುಕೊಂಡಿದ್ದೆ. ಇಲ್ಲಿ ಇನ್ನೊಂದು ಮಗು ಇತ್ತು. ಅದಕ್ಕೆ ಆಗ ಹದಿನಾರು ವರ್ಷ.

ಶಾಲೆಗೆ ರಜೆ ಹಾಕಿದೆ.

ಆಗಸ್ಟ್ ೧೮, ಭಾನುವಾರ

ಇಂಗೆಯ ಕಾಗದಗಳನ್ನು ವರ್ಷವಾರು ಕಟ್ಟಿ, ಅಮ್ಮನ ಟ್ರಂಕಿನಲ್ಲಿಟ್ಟು ಒಯ್ದೆ. ತೊಂಬತ್ತಾರು. ಕೊಟ್ಟು ತಿರುಗಿ ಬರೋಣವೆಂದಿದ್ದೆ. ಅವಳು ಮೊದಲನೆಯದನ್ನು ಬಿಚ್ಚಿ ನೋಡಿದಳು, ಮಡಿಚಿದಳು, ಮತ್ತೆ ಬಿಚ್ಚಿದಳು.

‘ಇಂಗ್ಲಿಷ್ ಎಲ್ಲಾ ಮರ್ತೋಗಿದೆ. ಕೂತ್ಕೊಳಿ. ಓದಿ ಹೇಳಿ.’

ಒಂಬತ್ತು ಓದಿದೆ. ಇಂಗೆಯ ತಂದೆಗೆ ಹಾಲಿನ ವ್ಯಾಪಾರ. ಜಯದೇವಪ್ಪ ಕಂಬ ಬಿಟ್ಟು ಹತ್ತಿರ ಬಂದು, ಅಲ್ಲಿನ ಹಸು ಹೊತ್ತಿಗೆ ಎಷ್ಟು ಸೇರು ಕರೆಯುತ್ತೆ, ಅದರಲ್ಲಿ ಬರೆದಿಲ್ಲವಾ ಎಂದು ಕೇಳಿದ. ಇಲ್ಲ ಎಂದೆ. ‘ಅಂಥಾದ್ದು ಬರೆಯದೆ ಮತ್ತೇನು ಬರೀತಾರೆ?’ ಎಂದು ಎದ್ದುಹೋದ.

ಅವಳು ನನ್ನೊಡನೆ ಹೆಚ್ಚು ಮಾತಾಡಲಿಲ್ಲ. ಬಸ್ಸಿಗೆ ಹೊರಟಾಗ, ‘ಬರೋ ವಾರ ಬೆಳಿಗ್ಗೆನೇ ಬನ್ನಿ, ಜಾಸ್ತಿ ಆಗುತ್ತೆ’ ಎಂದಳು.

ಸೆಪ್ಟೆಂಬರ್ ೧, ಭಾನುವಾರ

ಇವತ್ತು ಹದಿನೆಂಟು ಓದಿದೆ. ಇಂಗೆ ಕಾಲು ಮುರಿದುಕೊಂಡ ವರ್ಷ. ‘ಆಗ ನಾನೇನು ಬರೆದೆ?’ ಎಂದು ಕೇಳುತ್ತಾಳೆ, ಪ್ರತಿ ಕಾಗದಕ್ಕೂ. ನೆನಪಿದ್ದಷ್ಟು ಹೇಳುತ್ತೇನೆ. ಕೆಲವಕ್ಕೆ, ‘ಥೂ, ನಾನು ಹಂಗೆ ಹೇಳ್ತಾನೇ ಇರ್ಲಿಲ್ಲ’ ಎನ್ನುತ್ತಾಳೆ. ಒಂದಕ್ಕೆ ಮಾತ್ರ, ‘ಇದು ಪರವಾಗಿಲ್ಲ’ ಎಂದಳು. ಅಂಕ ಕೊಡುವ ಕೆಲಸ ಈಗ ಅವಳದು.

ದೊಡ್ಡ ಹುಡುಗಿಗೆ ಒಂದು ಹಳೆಯ ಅಟ್ಲಾಸ್ ಕೊಟ್ಟೆ. ಕೋಣನಕುಂಟೆ ಎಲ್ಲಿ ಎಂದು ಹುಡುಕಿ ಸಿಗದೆ ಅತ್ತಳು. ಇಬ್ಬರೂ ಸೇರಿ ಶಾಯಿಯಲ್ಲಿ ಒಂದು ಚುಕ್ಕೆ ಇಟ್ಟೆವು.

ಸೆಪ್ಟೆಂಬರ್ ೧೫, ಭಾನುವಾರ

ಇವತ್ತು ಮೂವತ್ತೊಂದು ಓದಿದೆ. ಮಧ್ಯಾಹ್ನ ಮುದ್ದೆ, ಹುರುಳಿ ಬಸ್ಸಾರು. ಮುದ್ದೆ ಅಗಿಯಬಾರದು ನುಂಗಬೇಕೆಂದು ಮೂರು ಮಕ್ಕಳೂ ಎದುರಿಗೆ ಕೂತು ನನಗೆ ಪಾಠ ಮಾಡಿದವು.

ಪಾಸ್‌ಪೋರ್ಟ್ ಬಂದು ನಾಲ್ಕು ದಿನವಾಯಿತಂತೆ. ಬೋರಣ್ಣ ಪಕ್ಕದ ಮನೆಯಲ್ಲಿ ಕೊಟ್ಟುಹೋಗಿದ್ದ. ವಿಚಾರಿಸುವುದನ್ನೇ ಮರೆತಿದ್ದೆ.

ಸೆಪ್ಟೆಂಬರ್ ೨೯, ಭಾನುವಾರ

ಇವತ್ತಿಗೆ ಎಲ್ಲವೂ ಮುಗಿದವು. ಕೊನೆಯದು ಆ ಮೂರು ಸಾಲಿನ ಕಾಗದ. ಓದಬೇಕೋ ಬೇಡವೋ ಎಂದುಕೊಂಡೇ ಓದಿದೆ. ಅವಳು ಕೈ ಒರೆಸಿಕೊಂಡು ಎದುರಿಗೆ ಕೂತಳು.

‘ಬರ್ಕೊಳಿ. ನಾನು ಹೇಳಿದಷ್ಟೇ ಬರೀಬೇಕು. ನಿಮ್ಮದು ಒಂದು ಪದನೂ ಸೇರಿಸ್ಬಾರ್ದು.’

ಅವಳು ಹೇಳಿದ್ದು ಇದು. ಇಲ್ಲಿಯೂ ಹಾಗೇ ಬರೆದಿಡುತ್ತೇನೆ.

‘ಇಂಗೆ, ನಾನು ಬದುಕಿದ್ದೀನಿ. ಬಿ.ಎ. ಮಾಡಿಲ್ಲ. ಮೂರು ಮಕ್ಕಳು, ನಾಲ್ಕು ಎಮ್ಮೆ, ಗಂಡ ಒಳ್ಳೆಯವರು. ನಿನ್ನ ಕಾಗದ ಎಲ್ಲಾ ಈಗ ಓದಿಸಿ ಕೇಳಿದೆ. ನಿನ್ನ ಕಾಲು ಮುರಿದಾಗ ನಾನಾಗಿದ್ದರೆ ಇನ್ನೂ ಚೆನ್ನಾಗಿ ಸಮಾಧಾನ ಹೇಳ್ತಿದ್ದೆ. ನಮ್ಮ ಮಿಸ್ ನಂಗೂ ಮೋಸ ಮಾಡಿದರು, ನಿಂಗೂ ಮೋಸ ಮಾಡಿದರು.’

ಬರೆದೆ. ಕೈ ನಿಂತಿತು. ‘ಬರೀರಿ’ ಎಂದಳು.

‘ಅವರಿಗೆ ಯಾರೂ ಇಲ್ಲ. ಅದಕ್ಕೇ ನಮ್ಮನ್ನ ಬಿಡೋಕೆ ಆಗಲಿಲ್ಲ. ಈಗ ಭೂಮಿ ಸುತ್ತೋಕೆ ಹೊರಟಿದ್ದಾರೆ, ದುಡ್ಡಿಲ್ಲ, ವಯಸ್ಸಾಗಿದೆ, ಮೊಸರು ಇಲ್ಲದೆ ಊಟ ಇಳಿಯಲ್ಲ. ನೀನು ಸಹಿ ಹಾಕಿದರೆ ಹೋಗ್ತಾರೆ, ಇಲ್ಲದಿದ್ದರೆ ಇಲ್ಲ. ಹಾಕು ಅಂತ ನಾನು ಹೇಳ್ತೀನಿ. ಕೋಪ ನಂಗೂ ಇದೆ. ಆದರೂ ಪ್ರತಿ ಭಾನುವಾರ ಬರ್ತಾರೆ.’

‘ಓದಿ.’

ಇಂಗ್ಲಿಷನ್ನು ಮತ್ತೆ ಕನ್ನಡ ಮಾಡಿ ಓದಿದೆ. ‘ಅವರಿಗೆ ಯಾರೂ ಇಲ್ಲ’ ಎಂಬ ಸಾಲನ್ನು ಎರಡು ಸಲ ಓದಬೇಕಾಯಿತು. ಅವಳು ತಲೆ ಎತ್ತದೆ ಕಾಯ್ದಳು. ಮುಗಿದ ಮೇಲೆ ಪೆನ್ನು ತೆಗೆದುಕೊಂಡು, ಇಂಗ್ಲಿಷಿನಲ್ಲಿ, ಒಂದೊಂದೇ ಅಕ್ಷರವನ್ನು ನೆನಪು ಮಾಡಿಕೊಂಡು, ತನ್ನ ಹೆಸರು ಬರೆದಳು. ನಾನು ಇಷ್ಟು ವರ್ಷ ಬರೆದ ಸಹಿಗೂ ಅದಕ್ಕೂ ಸ್ವಲ್ಪವೂ ಹೋಲಿಕೆ ಇಲ್ಲ.

ವಿಳಾಸ ಕೋಣನಕುಂಟೆಯದ್ದೇ ಹಾಕಿಸಿದಳು.

ಅಕ್ಟೋಬರ್ ೨೦, ಭಾನುವಾರ

ಕಾಗದ ಬಂದಿಲ್ಲ. ಓದುವುದಕ್ಕೆ ಏನೂ ಇಲ್ಲದಿದ್ದರೂ ಹೋದೆ. ಹೂವು ಕಟ್ಟಿದೆವು. ನಾನು ಕಟ್ಟಿದ ಮಾಲೆ ಜಾರಿ ಬಿಚ್ಚಿಕೊಂಡಿತು. ‘ಎಂ.ಎ. ಮಾಡಿದ್ದೀರಂತೆ’ ಎಂದು ಅಣಕಿಸಿದಳು.

ಡಿಸೆಂಬರಿನ ಹಡಗಿನಲ್ಲಿ ಕೋಬೆಗೆ ಜಾಗ ಹಿಡಿದಿಟ್ಟಿದ್ದೇನೆ, ಮುಂದಿನದು ನವೆಂಬರ್ ಹತ್ತರೊಳಗೆ ಹೇಳಿ ಎಂದು ರೇವಣಸಿದ್ದಪ್ಪ ಕಾರ್ಡು ಬರೆದಿದ್ದಾರೆ.

ನವೆಂಬರ್ ೩, ಭಾನುವಾರ

ಬೆಳಿಗ್ಗೆ ಕೋಣನಕುಂಟೆಗೆ ಹೊರಡಲು ಚಪ್ಪಲಿ ಮೆಟ್ಟುತ್ತಿದ್ದೆ. ಗೇಟಿನಲ್ಲಿ ಅವಳೇ. ಮಗು ಸೊಂಟದಲ್ಲಿ, ಮೈಮೇಲೆ ರೇಷ್ಮೆ ಸೀರೆ, ಕೈಯಲ್ಲಿ ನೀಲಿ ಕವರು. ಮದುವೆಯಾದ ಮೇಲೆ ಜಯನಗರಕ್ಕೆ ಬಂದದ್ದು ಇದೇ ಮೊದಲಂತೆ. ಎಷ್ಟು ಮನೆ ಎದ್ದಿವೆ ಮಿಸ್, ದಾರಿ ತಪ್ಪಿ ಮೂರು ಕಡೆ ಕೇಳ್ಕೊಂಡು ಬಂದೆ ಎಂದು ಬೈದಳು.

‘ನೆನ್ನೆ ಬಂತು. ಒಡೆದಿಲ್ಲ.’ ಮಂಚದ ಮೇಲೆ ಕೂತು, ತಾನೇ ಒಡೆದು, ನನ್ನ ಕೈಗೆ ಕೊಟ್ಟಳು. ‘ಎಲ್ಲಾ ಓದ್ಬೇಕು. ಬಿಡ್ಬಾರ್ದು.’

ಇಂಗೆ ಬರೆದದ್ದು ನಾಲ್ಕು ಪುಟ, ಅವಳಿಗೆ. ಎಮ್ಮೆಗೂ ಹಸುವಿಗೂ ಏನು ವ್ಯತ್ಯಾಸ ಎಂದು ಕೇಳಿದ್ದಾಳೆ, ಮಕ್ಕಳ ಹೆಸರು ಕೇಳಿದ್ದಾಳೆ. ಲೈಬ್ರರಿಯ ಹುಡುಗಿ ಸ್ವಲ್ಪ ಬೇಜಾರಿನವಳಾಗಿದ್ದಳು, ನೀನೇ ವಾಸಿ ಎಂದಿದ್ದಾಳೆ. ಇದನ್ನೂ ಓದಿದೆ. ಸರ್ವಮಂಗಳಾ ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು.

ಹಿಂದೆ ಇನ್ನೊಂದು ಹಾಳೆ, ಟೈಪು ಮಾಡಿದ್ದು, ಮುದ್ರೆ ಒತ್ತಿದ್ದು. ಭಾರತದ ಮಿಸ್ ಸೀತಾಲಕ್ಷ್ಮಿಯವರ ಊಟ ವಸತಿ ಮೂರು ವಾರದ ಮಟ್ಟಿಗೆ ತನ್ನದು ಎಂದು ಇಂಗೆಯ ಸಹಿ. ಅದರ ಕೆಳಗೆ, ಕೈಬರಹದಲ್ಲಿ, ನನಗೆ:

‘ನೀವು ಒಳ್ಳೆಯ ಕಾರಣಕ್ಕೆ ಮಾಡಿದಿರಿ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ನನಗೆ ಹಾಗೆ ಅನ್ನಿಸುತ್ತಿಲ್ಲ. ನಿಮಗೆ ಹೇಳಬೇಕಾದ ಮಾತು ಬಹಳ ಇದೆ, ಕಾಗದದಲ್ಲಿ ಆಗುವುದಿಲ್ಲ. ನೀವು ಎದುರಿಗೆ ಕೂತು ಕೇಳಿಸಿಕೊಳ್ಳಬೇಕು. ಬನ್ನಿ.’

‘ಏನಂತೆ?’ ಎಂದಳು ಸರ್ವಮಂಗಳಾ.

‘ಬೈಯೋದಿದೆಯಂತೆ. ಬರಬೇಕಂತೆ.’

‘ಹೋಗಿ ಬೈಸ್ಕೊಂಡು ಬನ್ನಿ’ ಎಂದಳು. ‘ಅಲ್ಲಿಂದ ನಂಗೆ ಬರೀರಿ. ನಿಮ್ಮ ಹೆಸರಲ್ಲಿ.’

ಊಟ ಮಾಡಿಸಿ ಮೂರು ಗಂಟೆ ಬಸ್ಸಿಗೆ ಹತ್ತಿಸಿದೆ. ನಾಳೆ ಶಾಲೆ ಬಿಟ್ಟ ಕೂಡಲೇ ರೇವಣಸಿದ್ದಪ್ಪನವರಲ್ಲಿಗೆ ಹೋಗಬೇಕು. ಇಂಗೆಯ ಆ ನಾಲ್ಕು ಸಾಲನ್ನು ಮತ್ತೆ ಓದಿದೆ. ಭೂಮಿಯ ಆ ತುದಿಯಲ್ಲಿ ಒಬ್ಬಳು, ಸೀತಾಲಕ್ಷ್ಮಿಯೇ ಬರಬೇಕು, ಅವಳಿಗೇ ಬೈಯಬೇಕು ಎಂದು ಕೂತಿದ್ದಾಳೆ.